ಗಾಜಿನ ಮಣಿ ಒಡೆದಾಗ, ಕಡ್ಡಿ ಬಿಡದಾಗ, ಸರ ಹರಿದಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಎದುರುಮನೆಯ ಅಕ್ಕ ಒಂದು ಬೆಳಿಗ್ಗೆ ಬಂದು, ಸೆರಗಿನ ತುದಿಯ ಗಂಟು ಬಿಚ್ಚಿ, ಅದರಲ್ಲಿದ್ದದ್ದನ್ನು ನನ್ನ ಅಂಗೈಗೆ ಸುರಿದರು. ಮೂರು ವಾರದ ಹಿಂದೆ ನಾನೇ ಮಾಡಿಕೊಟ್ಟಿದ್ದ ಕರಿಮಣಿ ಸರದ ಒಂಬತ್ತು ಮಣಿ, ಒಂದೊಂದೂ ಎರಡೆರಡು ಹೋಳು. ಅವರು ಬೈಯಲಿಲ್ಲ. “ಅತ್ತೆಗೆ ಹೇಳಿಲ್ಲ ಕಣಮ್ಮ, ಬೇಗ ಬೇರೆ ಪೋಣ್ಸಿಕೊಡು” ಅಂದರು, ಅಷ್ಟೇ. ಕರಿಮಣಿ ಒಡೆದರೆ ನಮ್ಮ ಕಡೆ ಮನೆಮಂದಿಯ ಮನಸ್ಸು ಎಷ್ಟು ಮುದುಡುತ್ತದೆ ಅನ್ನುವುದು ಗೊತ್ತಿದ್ದವರಿಗೆ, ಆ ಮಾತು ಬೈಗುಳಕ್ಕಿಂತ ಯಾಕೆ ಚುಚ್ಚಿತು ಅನ್ನುವುದೂ ಗೊತ್ತಾಗುತ್ತದೆ.

ಅವತ್ತು ಆ ಹೋಳುಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಾ ಕೂತೆ. ಒಂಬತ್ತೂ ಒಂದೇ ತರಹ ಒಡೆದಿದ್ದವು: ತೂತಿಗೆ ಅಡ್ಡವಾಗಿ, ನಡುವಿಗೆ ಸರಿಯಾಗಿ, ಚೂಪು ಅಂಚಿನಲ್ಲಿ. ಒಡೆದ ಮಣಿ ತನ್ನ ಕಾರಣವನ್ನು ಬಿರುಕಿನಲ್ಲೇ ತೋರಿಸುತ್ತದೆ ಅನ್ನುವುದು ನನಗೆ ತಿಳಿದದ್ದು ಆವಾಗ. ಅದಕ್ಕೇ ಕೇಳಿಕೊಳ್ಳುತ್ತೇನೆ, ಒಡೆದ ಮಣಿಯನ್ನು ಕಸಕ್ಕೆ ಹಾಕಬೇಡಿ. ಹಳೇ ಡಬ್ಬಿಯೊಂದರಲ್ಲಿ ದಿನಾಂಕ ಬರೆದ ಚೀಟಿಯ ಜೊತೆ ಇಟ್ಟುಕೊಳ್ಳಿ.

ಇಲ್ಲಿ ಬರೆದಿರುವುದು ಗ್ಯಾಸು, ಆಕ್ಸಿಜನ್ ಸೇರಿ ಉರಿಯುವ ಬರ್ನರ್ ಮುಂದೆ ಕೂತು, ಗಾಜಿನ ಕೋಲನ್ನು ಕರಗಿಸಿ, ಗಾಜು ಅಂಟದಂತೆ ಮಣ್ಣಿನಂಥ ಲೇಪ ಬಳಿದ ಸ್ಟೀಲ್ ಕಡ್ಡಿಗೆ ಸುತ್ತಿ ಮಣಿ ಮಾಡುವವರಿಗಾಗಿ. ಪ್ರತಿ ಕಡೆ ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆ, ಆಮೇಲೆ ದುಡ್ಡು ಬೇಡುವಂಥದ್ದು.

## ಯಾವುದನ್ನು ಮುಟ್ಟುವ ಮೊದಲೂ

ಗ್ಯಾಸಿನ ವಾಸನೆ ಬಂದರೆ ಮಣಿಯ ದೋಷ ಆಮೇಲೆ ನೋಡಿದರಾಯಿತು. ಸ್ವಿಚ್ ಹಾಕಬೇಡಿ, ಆರಿಸಲೂಬೇಡಿ. ಸಿಲಿಂಡರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ. ಅದು ಅಡುಗೆ ಅನಿಲ ಸೋರಿಕೆಯ ತುರ್ತು ಸಂಖ್ಯೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ, ಮೂಲೆಯಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ನೆಲಮಾಳಿಗೆಯಲ್ಲಿ ಈ ಕೆಲಸ ಬೇಡವೇ ಬೇಡ.

ಆಕ್ಸಿಜನ್ ಕಡೆಯ ಜೋಡಣೆಗಳಿಗೆ ಎಣ್ಣೆ, ಗ್ರೀಸು, ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯೂ ತಾಗಬಾರದು. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ಸೇರಿದರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳಬಹುದು. ಸಿಂಥೆಟಿಕ್ ಸೀರೆ, ದುಪಟ್ಟಾ ಬಿಟ್ಟು ಹತ್ತಿಯ ಬಟ್ಟೆ ಹಾಕಿ, ಕೂದಲು ಕಟ್ಟಿ. ಬಿಸಿ ಗಾಜಿನಿಂದ ಏಳುವ ಹಳದಿ ಬೆಳಕನ್ನು ತಡೆಯುವ ಡಿಡಿಮಿಯಂ ಕನ್ನಡಕ ತೊಟ್ಟರೆ ಕಣ್ಣಿಗೆ ಚೂರು ಹಾರುವುದೂ ತಪ್ಪುತ್ತದೆ, ಗಾಜಿನ ನಿಜವಾದ ಬಣ್ಣವೂ ಕಾಣುತ್ತದೆ.

## “ಬೆಂಕಿಗೆ ಹಿಡಿದ ಕೂಡಲೇ ಕೋಲು ಟಪ್ ಅಂತ ಸಿಡಿಯುತ್ತೆ”

ಇದು ಹೆದರಿಸುವ ದೋಷ, ಆದರೆ ಸುಲಭದ್ದು. ತಣ್ಣನೆಯ ಕೋಲಿನ ಹೊರಮೈ ಒಮ್ಮೆಲೇ ಹಿಗ್ಗುತ್ತದೆ, ಒಳಗು ಇನ್ನೂ ತಣ್ಣಗಿರುತ್ತದೆ. ಆ ಎಳೆದಾಟಕ್ಕೆ ತುದಿ ಸಿಡಿಯುತ್ತದೆ. ಕೋಲನ್ನು ಜ್ವಾಲೆಯ ತುತ್ತತುದಿಯಲ್ಲಿ, ಇನ್ನೂ ಒಂದು ಗೇಣು ಆಚೆಯಿಂದಲೇ ತಿರುಗಿಸುತ್ತಾ ಒಳಗೆ ತನ್ನಿ. ತೊಳೆದಿಟ್ಟ ಕೋಲು ಒದ್ದೆಯಿದ್ದರೆ ಒರೆಸಿ ಒಣಗಿಸಿ. ತುದಿಯಲ್ಲಿ ಹಳೆಯ ಗೀರು, ಸೀಳು ಇದ್ದರೆ ಅಷ್ಟು ತುಂಡನ್ನು ಮುರಿದು ತೆಗೆಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದೇ ಬಣ್ಣದ ಕೋಲು ಸಿಡಿಯುತ್ತಿದ್ದರೆ ತಪ್ಪು ಕೋಲಿನದೇ. ತಯಾರಿಸಿದಲ್ಲೇ ಅದು ಸರಿಯಾಗಿ ಆರಿಲ್ಲ. ಸಣ್ಣ ತುಂಡು ಮಾಡಿ ಕರೆಂಟಿನ ಭಟ್ಟಿಯಲ್ಲಿ ಬಿಸಿ ಮಾಡಿಕೊಂಡು ಬಳಸಿ, ಇಲ್ಲವೇ ಬಿಟ್ಟುಬಿಡಿ.

## “ಮಾಡುವಾಗ ಚೆನ್ನಾಗಿತ್ತು, ಆರಿದ ಮೇಲೆ ಬಿರುಕು”

ನನ್ನನ್ನು ಕೇಳುವ ಹತ್ತು ಪ್ರಶ್ನೆಯಲ್ಲಿ ಏಳು ಇದೇ. ಉತ್ತರ ಹೇಳುವ ಮುಂಚೆ ನಾನು ಕೇಳುವುದು ಒಂದೇ: ಬಿರುಕು ಎಲ್ಲಿದೆ?

ಮೊದಲು ಬಿರುಕಿನ ಅಂಚನ್ನು ಉಗುರಿನಿಂದಲ್ಲ, ಭೂತಗನ್ನಡಿಯಿಂದ ನೋಡಿ. ಅಂಚು ದುಂಡಗೆ, ನಯವಾಗಿದ್ದರೆ ಬಿರುಕು ಬಿಟ್ಟದ್ದು ಕೆಲಸದ ನಡುವೆಯೇ. ಆಮೇಲೆ ಜ್ವಾಲೆ ಅದನ್ನು ಸವರಿದೆ. ಅಂದರೆ ಮಣಿಯನ್ನು ಬಹಳ ಹೊತ್ತು ಜ್ವಾಲೆಯಿಂದ ಆಚೆ ಹಿಡಿದಿದ್ದಿರಿ. ಚುಕ್ಕಿ ಇಡುವಾಗ, ಮುಂದಿನ ಕೋಲು ಹುಡುಕುವಾಗ ಹೀಗಾಗುತ್ತದೆ. ಬೇಕಾದ ಕೋಲುಗಳನ್ನು ಮೊದಲೇ ಸಾಲಾಗಿ ಜೋಡಿಸಿಟ್ಟುಕೊಳ್ಳಿ, ಮಣಿಯನ್ನು ಆಗಾಗ ಜ್ವಾಲೆಯಲ್ಲಿ ಸುತ್ತಿಸಿ. ಅಂಚು ಚೂಪಾಗಿದ್ದರೆ ಅದು ಆರುವಾಗ ಇಲ್ಲವೇ ಆರಿದ ಮೇಲೆ ಆದದ್ದು.

ಬಿರುಕು ತೂತಿನ ಬಾಯಿಯ ಸುತ್ತ, ತುದಿಯಲ್ಲೇ ಇದ್ದರೆ ನಡುಭಾಗಕ್ಕೆ ಸಿಕ್ಕಷ್ಟು ಶಾಖ ತುದಿಗಳಿಗೆ ಸಿಕ್ಕಿಲ್ಲ. ಕೊನೆಯಲ್ಲಿ ಎರಡೂ ತುದಿಗೆ ಸಮವಾಗಿ ಶಾಖ ಕೊಟ್ಟು ಹೊರಗೆ ತೆಗೆಯಿರಿ. ತುದಿ ತೆಳ್ಳಗೆ, ಹಲ್ಲು ಹಲ್ಲಾಗಿದ್ದರೂ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಒಳ್ಳೆಯ ಮಣಿಯ ತುದಿ ಹೊಕ್ಕುಳಿನಂತೆ ಒಳಕ್ಕೆ ಸರಿದಿರಬೇಕು.

ತೂತಿಗೆ ಅಡ್ಡವಾಗಿ ಮಣಿ ಎರಡು ಹೋಳಾಗಿದ್ದರೆ, ಸಾಮಾನ್ಯವಾಗಿ ಅದು ಬೇಗ ಆರಿದೆ. ಇಲ್ಲಿ ಚಿತ್ರದುರ್ಗದವರಿಗೆ ಒಂದು ಮಾತು. ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿ ಎದ್ದರೆ ನನ್ನ ತಾರಸಿಯ ಶೀಟಿನ ಕೋಣೆಯಲ್ಲಿ ಜ್ವಾಲೆಯೇ ವಾಲುತ್ತಿತ್ತು. ಬಿರುಕಿನ ಡಬ್ಬಿಯ ಚೀಟಿಗಳನ್ನು ಜೋಡಿಸಿ ನೋಡಿದೆ: ಜೂನ್, ಜುಲೈ ತಿಂಗಳಲ್ಲೇ ಹೆಚ್ಚು. ಗಾಳಿ ಪಶ್ಚಿಮದ ಕಿಟಕಿಯಿಂದ ನೇರ ಮೇಜಿಗೆ ಬಡಿಯುತ್ತಿತ್ತು. ಕಿಟಕಿ ಮುಚ್ಚಿದರಾಯಿತು ಅಂತ ಅನ್ನಿಸುತ್ತದೆ, ದಯವಿಟ್ಟು ಮುಚ್ಚಬೇಡಿ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ, ಅದಕ್ಕೆ ವಾಸನೆಯಿಲ್ಲ. ಕೆಲಸ ಮಾಡುತ್ತಾ ತಲೆನೋವು, ಓಕರಿಕೆ, ತೂಕಡಿಕೆ ಬಂದರೆ ತಕ್ಷಣ ಬರ್ನರ್ ಆರಿಸಿ ಹೊರಗೆ ಬನ್ನಿ, ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಿ. ನಾನು ಮಾಡಿದ್ದು ಮೇಜಿನ ಜಾಗ ಬದಲಿಸಿದ್ದು. ಈಗ ಗಾಳಿ ನನ್ನ ಬೆನ್ನ ಹಿಂದೆ ಓರೆಯಾಗಿ ಒಳಗೆ ಬಂದು, ಬರ್ನರಿನ ಆಚೆಯ ಎಕ್ಸಾಸ್ಟ್ ಫ್ಯಾನಿನಿಂದ ಹೊರಹೋಗುತ್ತದೆ. ಮೇಜಿನ ಪಶ್ಚಿಮ ಅಂಚಿಗೆ ಎತ್ತರದ ಒಂದು ತಗಡು. ಖರ್ಚಾದದ್ದು ತಗಡಿನದು ಮಾತ್ರ.

ಗಾಳಿ ಸರಿಯಾದ ಮೇಲೂ ಒಡೆಯುತ್ತಿದ್ದರೆ ಅನೀಲಿಂಗ್, ಅಂದರೆ ಗಾಜನ್ನು ಹದವಾಗಿ ಆರಿಸುವ ಕ್ರಮ, ನೋಡಬೇಕು. ಗಾಜು ಆರುವಾಗ ಅದರೊಳಗೆ ಬಿಗಿತ ಉಳಿಯುತ್ತದೆ. ಒಂದು ಹದದ ಶಾಖದಲ್ಲಿ ನಿಲ್ಲಿಸಿ, ನಿಧಾನಕ್ಕೆ ಇಳಿಸಿದರೆ ಮಾತ್ರ ಆ ಬಿಗಿತ ಬಿಡುತ್ತದೆ. ಅಕ್ಕನ ಕರಿಮಣಿಯಲ್ಲಿ ಆದ ತಪ್ಪು ಇದೇ. ನರ್ಸರಿಯಿಂದ ತಂದ, ಗಿಡದ ಕುಂಡಕ್ಕೆ ಹಾಕುವ ಹಗುರ ಖನಿಜ ವರ್ಮಿಕ್ಯುಲೈಟ್ ತುಂಬಿದ ಡಬ್ಬಿಯಲ್ಲಿ ಹೂತು ಆರಿಸಿದ್ದೆ, ಸಾಕು ಅಂದುಕೊಂಡಿದ್ದೆ. ವರ್ಮಿಕ್ಯುಲೈಟ್ ಆಗಲಿ ಬೂದಿಯಾಗಲಿ ಆರುವುದನ್ನು ತಡಮಾಡುತ್ತದೆ, ಬಿಗಿತ ಬಿಡಿಸುವುದಿಲ್ಲ. ಮಣಿ ಅವತ್ತು ಗಟ್ಟಿಯಾಗಿಯೇ ಕಾಣುತ್ತದೆ. ಒಂದು ವಾರ, ಮೂರು ವಾರ ಬಿಟ್ಟು, ಬಿಸಿನೀರಿನ ಸ್ನಾನದಲ್ಲೋ ಬಚ್ಚಲ ಗೋಡೆಗೆ ತಾಗಿಯೋ ಬಿಡುತ್ತದೆ.

ಭಟ್ಟಿ ಬೇಕೇ ಬೇಕು. ದಾವಣಗೆರೆಯವರಿಗೆ ಭಟ್ಟಿ ಎಂದರೆ ಮಂಡಕ್ಕಿ ಭಟ್ಟಿಯೇ ನೆನಪಾಗುತ್ತದೆ. ಇದು ಕರೆಂಟಿನದು, ಶಾಖದ ಅಳತೆ ಇರುವ ಸಣ್ಣ ಪೆಟ್ಟಿಗೆ. ಪೊಟ್ಟಣದ ಮೇಲೆ 104 ಅಂಕಿ ಇರುವ ಮೃದು ಗಾಜಿಗೆ 510ರಿಂದ 520 ಡಿಗ್ರಿ ಸೆಲ್ಸಿಯಸ್. ಒಂದು ಸೆಂಟಿಮೀಟರ್ ದಪ್ಪದ ಮಣಿ, ಕೊನೆಯ ಮಣಿ ಒಳಗೆ ಹೋದ ಮೇಲೆ ಒಂದು ಗಂಟೆ ಅಲ್ಲೇ ಇರಲಿ. ಆಮೇಲೆ ಗಂಟೆಗೆ ಸುಮಾರು 60 ಡಿಗ್ರಿಯಂತೆ 400ರವರೆಗೆ ಇಳಿಸಿ. ಅಲ್ಲಿಂದ ಭಟ್ಟಿ ಆರಿಸಿ, ಬಾಗಿಲು ತೆರೆಯದೆ ಬೆಳಿಗ್ಗೆಯವರೆಗೆ ಬಿಡಿ. ಹೆಚ್ಚು ಶಾಖ ಬೇಡುವ ಬೋರೋಸಿಲಿಕೇಟ್ ಗಾಜಾದರೆ ನಿಲ್ಲಿಸುವ ಶಾಖ 565ರ ಹತ್ತಿರ.

ಭಟ್ಟಿ ಇದ್ದೂ ಒಡೆಯುತ್ತಿದ್ದರೆ ಅದು ತೋರಿಸುವ ಅಂಕಿಯನ್ನೇ ಅನುಮಾನಿಸಿ. ಒಂದು ಮಿಲಿಮೀಟರ್ ದಪ್ಪದ ಗಾಜಿನ ಎಳೆಯನ್ನು ಎರಡು ಇಟ್ಟಿಗೆ ಚೂರುಗಳ ಮೇಲೆ ಸೇತುವೆಯಂತೆ, ನಡುವೆ ಐದು ಸೆಂಟಿಮೀಟರ್ ಬಿಟ್ಟು ಇಡಿ. 520 ತೋರಿಸುವಾಗಲೇ ಎಳೆ ಜೋತುಬಿದ್ದರೆ ಭಟ್ಟಿ ಹೇಳುವುದಕ್ಕಿಂತ ಬಿಸಿಯಾಗಿದೆ. 600 ದಾಟಿ ಕಾಲು ಗಂಟೆಯಾದರೂ ನೆಟ್ಟಗೆ ನಿಂತಿದ್ದರೆ ಹೇಳುವುದಕ್ಕಿಂತ ತಣ್ಣಗಿದೆ. ಆಗ ಶಾಖ ಅಳೆಯುವ ಥರ್ಮೋಕಪಲ್ ಬದಲಿಸಬೇಕು. ಭಟ್ಟಿಯ ವೈರಿಂಗ್ ಒಳಗೆ ನೀವು ಕೈಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಯಿರಿ.

ರಾತ್ರಿ ಕರೆಂಟ್ ಹೋಯಿತೇ? ಬಾಗಿಲು ತೆರೆದು ನೋಡುವ ಆಸೆ ತಡೆದುಕೊಳ್ಳಿ. ಪೂರ್ತಿ ಆರಲು ಬಿಡಿ. ಒಡೆಯದೆ ಉಳಿದ ಮಣಿಗಳನ್ನು ಮಾರನೇ ದಿನ ತಣ್ಣನೆಯ ಭಟ್ಟಿಯಲ್ಲೇ ಇಟ್ಟು, ನಿಧಾನಕ್ಕೆ ಶಾಖ ಏರಿಸಿ, ಮೊದಲಿನಿಂದ ಅದೇ ಕ್ರಮ ನಡೆಸಿ. ಅನೀಲಿಂಗ್ ಎರಡನೇ ಸಲ ಮಾಡಿದರೆ ಮಣಿ ಕೆಡುವುದಿಲ್ಲ.

ಬಿಗಿತ ಕಣ್ಣಿಗೆ ಕಾಣಬೇಕಾದರೆ ಮನೆಯಲ್ಲೇ ಒಂದು ಉಪಾಯ ಇದೆ. ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ತೆರೆದು, ಪೋಲರಾಯ್ಡ್ ತಂಪುಕನ್ನಡಕವನ್ನು ಅದರ ಮುಂದೆ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಅಲ್ಲೇ ನಿಲ್ಲಿಸಿ, ಪಾರದರ್ಶಕ ಮಣಿಯನ್ನು ನಡುವೆ ಹಿಡಿಯಿರಿ. ಮಣಿಯೂ ಕಪ್ಪಾಗಿಯೇ ಉಳಿದರೆ ಹದವಾಗಿ ಆರಿದೆ. ಚುಕ್ಕಿಯ ಸುತ್ತಲೋ ತೂತಿನ ಸುತ್ತಲೋ ಬೆಳಕಿನ ಬಳೆ ಮೂಡಿದರೆ ಬಿಗಿತ ಇದೆ. ಕರಿಮಣಿಯಲ್ಲಿ ಬೆಳಕು ಹಾಯುವುದಿಲ್ಲ, ಈ ಪರೀಕ್ಷೆ ನಡೆಯದು. ಅದಕ್ಕೆ ನಾನು ಪ್ರತಿ ಭಟ್ಟಿಯಿಂದ ಎರಡು ಮಣಿ ತೆಗೆದು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಮಾಮೂಲಿ ನೀರಿಗೆ ಹಾಕುತ್ತೇನೆ. ಆ ಎರಡು ಉಳಿದರೆ ಮಾತ್ರ ಉಳಿದವು ದಾರ ಕಾಣುತ್ತವೆ.

ಕೊನೆಯದು, ಬಿರುಕು ಎರಡು ಬಣ್ಣ ಸೇರುವ ಗೆರೆಯನ್ನೇ ಹಿಡಿದು ಹೋಗಿದ್ದರೆ, ಚುಕ್ಕಿಯ ಸುತ್ತ ಅರ್ಧಚಂದ್ರದಂತೆ ಬಾಗಿದ್ದರೆ, ಆ ಎರಡು ಗಾಜಿಗೆ ಹೊಂದಾಣಿಕೆ ಇಲ್ಲ. ಎಷ್ಟು ಹದವಾಗಿ ಆರಿಸಿದರೂ ಅದು ಉಳಿಯುವುದಿಲ್ಲ. ಕೋಲಿನ ಪೊಟ್ಟಣದ ಮೇಲಿರುವ ಅಂಕಿ, 104, 96, 90, 33, ಬಿಸಿಗೆ ಆ ಗಾಜು ಎಷ್ಟು ಹಿಗ್ಗುತ್ತದೆ ಅನ್ನುವುದರ ಗುರುತು. ಒಂದೇ ಅಂಕಿಯವು ಮಾತ್ರ ಒಂದೇ ಮಣಿಯಲ್ಲಿ ಸೇರಲಿ.

ನಮ್ಮಲ್ಲಿ ಈ ತಪ್ಪು ಹೆಚ್ಚಾಗಿ ಆಗುವುದು ಬಳೆಚೂರಿನಿಂದ. ಚಿಕ್ಕಂದಿನಲ್ಲಿ ದೀಪದ ಬೆಂಕಿಗೆ ಬಳೆಚೂರು ಹಿಡಿದು, ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡಿದವರು ನಾವು. ಆ ಬಣ್ಣಗಳ ಮೇಲಿನ ಪ್ರೀತಿ ಹೋಗುವುದಿಲ್ಲ. ಬಳೆಗಾಜಿನಲ್ಲಿ ಮಣಿ ಮಾಡಬಹುದು, ಒಂದೇ ಬಳೆಯ ಚೂರಿನಿಂದ ಒಂದು ಮಣಿ. ಅದನ್ನು ತಂದ ಕೋಲಿನ ಜೊತೆ, ಬಾಟಲಿ ಗಾಜಿನ ಜೊತೆ ಬೆರೆಸುವ ಮುಂಚೆ ಎಳೆಯ ಪರೀಕ್ಷೆ ಮಾಡಿ: ಎರಡೂ ಗಾಜನ್ನು ಪಕ್ಕಪಕ್ಕ ಕರಗಿಸಿ ಅಂಟಿಸಿ, ಉದ್ದಕ್ಕೆ ತೆಳುವಾದ ಎಳೆ ಎಳೆಯಿರಿ. ಆರಿದ ಮೇಲೆ ಎಳೆ ನೆಟ್ಟಗಿದ್ದರೆ ಹೊಂದುತ್ತವೆ. ಬಿಲ್ಲಿನಂತೆ ಬಾಗಿದರೆ ಒಳಬದಿಯ ಗಾಜು ಹೆಚ್ಚು ಕುಗ್ಗಿದೆ, ಬೆರೆಸಬೇಡಿ.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಮೊಳಕಾಲ್ಮೂರಿನ ಹತ್ತಿರದ ಬ್ರಹ್ಮಗಿರಿಯಲ್ಲೂ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ನೆಲದೊಳಗಿಂದ ಹಳೆಯ ಕಾಲದ ಮಣಿಗಳು ಬಂದವು, ಗಾಜಿನವೂ ಅವುಗಳಲ್ಲಿದ್ದವು. ಅವುಗಳನ್ನು ಮಾಡಿದ ಕೈಗಳಿಗೆ ಡಿಗ್ರಿಯ ಅಳತೆ ಇರಲಿಲ್ಲ. ಮೂರು ವಾರಕ್ಕೆ ಒಡೆಯುವ ಮಣಿ ಮಾಡಿಕೊಟ್ಟೆನಲ್ಲ ಎಂದು ಆ ವಾರವೆಲ್ಲ ನನಗೆ ಅದೇ ಯೋಚನೆಯಾಗಿತ್ತು.

## “ಮಣಿ ಕಡ್ಡಿ ಬಿಡುತ್ತಿಲ್ಲ”

ಮೊದಲು ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ಆಮೇಲೆ ಕಡ್ಡಿಯ ತುದಿಯನ್ನು ಇಕ್ಕಳದಲ್ಲಿ ಗಟ್ಟಿ ಹಿಡಿದು, ಮಣಿಯನ್ನು ದಪ್ಪ ರಬ್ಬರ್ ತುಂಡಿನಲ್ಲಿ ಹಿಡಿದು ತಿರುಗಿಸಿ. ಎಳೆಯಬೇಡಿ, ತಿರುಗಿಸಿ. ಬಿಡದಿದ್ದರೆ ಒಂದು ರಾತ್ರಿ ನೀರಲ್ಲೇ ಇರಲಿ. ಅದಕ್ಕೂ ಜಗ್ಗದಿದ್ದರೆ ಆ ಮಣಿಯನ್ನು ಬಿಟ್ಟುಬಿಡಿ. ಜಿದ್ದಿಗೆ ಬಿದ್ದು ತಿರುಚಿದಾಗ ಮಣಿ ಕೈಯಲ್ಲೇ ಒಡೆದು ಅಂಗೈ ಸೀಳಿದ್ದನ್ನು ನೋಡಿದ್ದೇನೆ. ಚರ್ಮದ ಕೈಗವಸು ಇರಲಿ.

ಮೂಲ ಇರುವುದು ಲೇಪದಲ್ಲಿ. ಲೇಪ ಇಡ್ಲಿಹಿಟ್ಟಿಗಿಂತ ತುಸು ತೆಳ್ಳಗೆ, ದೋಸೆಹಿಟ್ಟಿನ ಹದಕ್ಕಿರಬೇಕು. ಅದ್ದಿ ತೆಗೆದರೆ ಕಡ್ಡಿಯ ಲೋಹ ಎಲ್ಲೂ ಇಣುಕಬಾರದು. ಒಂದು ಚುಕ್ಕಿಯಷ್ಟು ಲೋಹಕ್ಕೆ ಗಾಜು ತಾಗಿದರೂ ಅಂಟಿಕೊಳ್ಳುತ್ತದೆ. ಎಣ್ಣೆಕೈಯಲ್ಲಿ ಮುಟ್ಟಿದ ಕಡ್ಡಿಗೆ ಲೇಪ ಹಿಡಿಯುವುದಿಲ್ಲ, ಮರಳುಕಾಗದದಿಂದ ಉಜ್ಜಿ.

ಇದರ ತಿರುವುಮುರುವು ದೋಷವೂ ಉಂಟು: ಕೆಲಸದ ನಡುವೆಯೇ ಲೇಪ ಬಿರಿದು ಮಣಿ ಕಡ್ಡಿಯ ಮೇಲೆ ಗಿರಗಿರ ತಿರುಗುತ್ತದೆ. ಲೇಪ ಹಸಿಯಿತ್ತು, ಇಲ್ಲವೇ ತೀರಾ ದಪ್ಪವಿತ್ತು, ಇಲ್ಲವೇ ಆಕಾರ ಕೊಡುವಾಗ ತಣ್ಣನೆಯ ಮಣಿಯನ್ನು ಒತ್ತಿದಿರಿ. ಆ ಮಣಿಯನ್ನು ಇದ್ದಷ್ಟಕ್ಕೇ ಮುಗಿಸಿ ಭಟ್ಟಿಗೆ ಇಡಿ.

ತೂತಿನೊಳಗಿನ ಮಣ್ಣನ್ನು ಒಣಗಿದ್ದಾಗ ಕೆರೆಯಲೇಬಾರದು. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ನೀರಿನಲ್ಲಿ ಮುಳುಗಿಸಿ, ವಜ್ರದ ಪುಡಿ ಹಚ್ಚಿದ ಅರದಿಂದ ಸ್ವಚ್ಛ ಮಾಡಿ.

## “ಬಣ್ಣ ಕಪ್ಪಾಯ್ತು, ಮಂಕಾಯ್ತು, ಗುಳ್ಳೆ ಬಂತು”

ಆಕಾಶನೀಲಿ, ಹಸಿರುನೀಲಿ ಮಣಿಯ ಮೇಲೆ ಇಟ್ಟಿಗೆಗೆಂಪು ಪೊರೆ ಬಂದರೆ ಆಕ್ಸಿಜನ್ ಸಾಲದು. ಆ ನೀಲಿಯಲ್ಲಿರುವ ತಾಮ್ರ ಮೇಲೆದ್ದು ಬಂದಿದೆ. ಬಿಳಿ, ತಿಳಿಗಾಜಿನಲ್ಲಿ ಬೂದು ಹೊಗೆ ಕಂಡರೂ ಅದೇ ಕಾರಣ, ಇಲ್ಲವೇ ಬರ್ನರಿನ ಬಾಯಿಗೆ ಬಹಳ ಹತ್ತಿರ ಹಿಡಿದಿದ್ದಿರಿ. ಆಕ್ಸಿಜನ್ ಹೆಚ್ಚಿಸಿ, ಮಣಿಯನ್ನು ತುಸು ದೂರ ಹಿಡಿಯಿರಿ. ಹಳದಿ, ಕೆಂಪು ಗಾಜು ಕಂದಾದರೆ ಶಾಖ ಹೆಚ್ಚಾಯಿತು. ಇವುಗಳಲ್ಲಿ ಕ್ಯಾಡ್ಮಿಯಂ ಇರಬಹುದು, ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಮುಟ್ಟಬೇಡಿ. ಸಣ್ಣ ಗುಳ್ಳೆಗಳು ಗಾಜು ಕುದಿದದ್ದಕ್ಕೆ ಇಲ್ಲವೇ ಕೋಲಿನ ಮೇಲಿನ ಧೂಳಿಗೆ ಬರುತ್ತವೆ. ಕೋಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿಡಿ.

ಮಣಿ ತೊಳೆದು ಒಣಗಿಸಿದ ಮೇಲೆ ಬಿಳಿ ಮಬ್ಬು ಬಂದರೆ ಗಾಬರಿಯಾಗಬೇಡಿ, ನಮ್ಮ ಬೋರ್‌ವೆಲ್ ನೀರು ಗಡಸು. ಒಂದು ಮಣಿಯನ್ನು ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಹತ್ತು ನಿಮಿಷ ಹಾಕಿ. ಮಬ್ಬು ಹೋದರೆ ಅದು ನೀರಿನ ಸುಣ್ಣ. ಹೋಗದಿದ್ದರೆ ಗಾಜಿನ ಮೈಯೇ ಹರಳುಗಟ್ಟಿದೆ, ಮುಂದಿನ ಸಲ ಅರೆಬಿಸಿಯಲ್ಲಿ ಬಹಳ ಹೊತ್ತು ಆಡಿಸದೆ ಕೊನೆಗೊಮ್ಮೆ ಚೆನ್ನಾಗಿ ಶಾಖ ಕೊಡಿ.

## “ಜ್ವಾಲೆ ಸರಿಯಿಲ್ಲ”

ಉದ್ದಕ್ಕೆ, ಹಳದಿಯಾಗಿ, ಸೋಮಾರಿಯಾಗಿ ಉರಿದರೆ ಮೊದಲು ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರದ, ಅಂದರೆ ಆಕ್ಸಿಜನ್ ಕಾನ್ಸಂಟ್ರೇಟರಿನ, ಫಿಲ್ಟರ್ ತೆಗೆದು ನೋಡಿ. ನಮ್ಮ ಬಯಲುಸೀಮೆಯ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ತೊಳೆದು, ಪೂರ್ತಿ ಒಣಗಿಸಿ ಹಾಕಿ. ಕರೆಂಟ್ ಹೋದರೆ ಆಕ್ಸಿಜನ್ ನಿಲ್ಲುತ್ತದೆ, ಗ್ಯಾಸ್ ಮಾತ್ರ ಬರುತ್ತಿರುತ್ತದೆ. ಆ ಕ್ಷಣವೇ ಗ್ಯಾಸ್ ಮುಚ್ಚಿ.

ಜ್ವಾಲೆ ಬರಬರುತ್ತಾ ಕುಗ್ಗಿ, ಸಿಲಿಂಡರಿನ ಮೈ ಬೆವೆತು ಕೊರೆಯುತ್ತಿದ್ದರೆ ಅನಿಲವನ್ನು ವೇಗವಾಗಿ ಎಳೆಯುತ್ತಿದ್ದೀರಿ. ಸ್ವಲ್ಪ ಬಿಡುವು ಕೊಡಿ. ಸಿಲಿಂಡರಿಗೆ ಬಿಸಿನೀರು ಹೊಯ್ಯುವುದು, ಮಲಗಿಸುವುದು, ಅಲುಗಾಡಿಸುವುದು ಬೇಡ. ಅಡುಗೆಮನೆಯ ರೆಗ್ಯುಲೇಟರ್ ಒತ್ತಡ ಕಡಿಮೆಯದು, ಕೆಲವು ಬರ್ನರಿಗೆ ಸಾಲುವುದಿಲ್ಲ. ಹಾಗಂತ ನೀವೇ ಬೇರೆ ರೆಗ್ಯುಲೇಟರ್ ಸಿಕ್ಕಿಸಬೇಡಿ. ಮಾರುವುದಕ್ಕೆ ಮಣಿ ಮಾಡುವವರು 14.2 ಕಿಲೋದ ಮನೆಬಳಕೆಯ ಸಿಲಿಂಡರ್ ಬಳಸುವಂತಿಲ್ಲ. 19 ಕಿಲೋದ್ದನ್ನು ತೆಗೆದುಕೊಂಡು ಜೋಡಣೆಯನ್ನು ಏಜೆನ್ಸಿಯ ಮೆಕ್ಯಾನಿಕ್‌ನಿಂದ ಮಾಡಿಸಿ.

ಪಟ್ ಪಟ್ ಸದ್ದು ಬಂದು ಜ್ವಾಲೆ ಬರ್ನರಿನೊಳಗೆ ಸರಿದರೆ, ಸಿಳ್ಳೆಯಂಥ ಸದ್ದು ಕೇಳಿದರೆ ಆಕ್ಸಿಜನ್, ಗ್ಯಾಸ್ ಎರಡನ್ನೂ ಮುಚ್ಚಿ, ಅವತ್ತಿನ ಕೆಲಸ ಮುಗಿಸಿ. ಬೆಂಕಿ ಹಿಂದಕ್ಕೆ ಓಡದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇಲ್ಲದಿದ್ದರೆ ಅದನ್ನು ಹಾಕಿಸದೆ ಮತ್ತೆ ಹೊತ್ತಿಸಬೇಡಿ. ಸೋರಿಕೆ ನೋಡಲು ಸೋಪಿನ ನೀರು, ಬೆಂಕಿಕಡ್ಡಿ ಅಲ್ಲ.

ಕೈ ಸುಟ್ಟರೆ ನಲ್ಲಿಯ ಹರಿಯುವ ನೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಹಚ್ಚಬೇಡಿ. ಅಂಗೈಗಿಂತ ದೊಡ್ಡ ಸುಟ್ಟಗಾಯಕ್ಕೆ, ಕಣ್ಣಿಗೆ ಬಿದ್ದ ಗಾಜಿನ ಚೂರಿಗೆ ಮನೆಮದ್ದು ಇಲ್ಲ. ಕಣ್ಣು ಉಜ್ಜದೆ ಆಸ್ಪತ್ರೆಗೆ ಹೋಗಿ.

## “ಸರ ಹರಿಯಿತು, ಕಿವಿ ತುರಿಸುತ್ತೆ”

ಹರಿದ ದಾರದ ತುದಿ ನೋಡಿ. ಕುಂಚದಂತೆ ಬಿಡಿಬಿಡಿಯಾಗಿದ್ದರೆ ತೂತಿನ ಅಂಚು ಕೊಯ್ದಿದೆ. ಸೂಜಿಗೆ ಹತ್ತಿ ಸುತ್ತಿ ತೂತಿನೊಳಗೆ ಆಡಿಸಿ. ಹತ್ತಿ ಸಿಕ್ಕಿಕೊಂಡರೆ ಆ ಮಣಿಯ ಅಂಚನ್ನು ನೀರಿನಲ್ಲಿ ಅರ ಹಾಕಿ ನಯ ಮಾಡಿ. ತುದಿ ನೀಟಾಗಿ ತುಂಡಾಗಿದ್ದರೆ ಭಾರ ಹೆಚ್ಚಾಗಿದೆ. 12 ಮಿಲಿಮೀಟರಿನ ಒಂದು ಮಣಿ ಸುಮಾರು 2 ಗ್ರಾಂ, ನಲವತ್ತು ಸೇರಿದರೆ ಸುಮಾರು 80 ಗ್ರಾಂ ಆಗುತ್ತದೆ. ಅಷ್ಟು ಭಾರಕ್ಕೆ ಹೊಲಿಗೆಯ ದಾರ ಸಾಲದು, ನೈಲಾನ್ ಹೊದಿಸಿದ ಸ್ಟೀಲ್ ತಂತಿ ಬೇಕು. ದಾರ ಹರಿಯದೆ ಕೊಂಡಿಯ ಹತ್ತಿರ ಜಾರಿ ಬಂದಿದ್ದರೆ ದಾರದ ತುದಿ ಹಿಡಿದಿಡುವ ಒತ್ತುಮಣಿಯನ್ನು ಸರಿಯಾಗಿ ಒತ್ತಿಲ್ಲ. ಮಣಿಗಳನ್ನು ತೀರಾ ಬಿಗಿಯಾಗಿ ಪೋಣಿಸಿದರೂ ಒಂದಕ್ಕೊಂದು ಉಜ್ಜಿ ಅಂಚು ಸಿಪ್ಪೆಯೇಳುತ್ತದೆ. ದೊಡ್ಡ ಮಣಿಗಳ ನಡುವೆ ಒಂದೊಂದು ಗಂಟು ಹಾಕಿ, ಇಲ್ಲವೇ ಪುಟ್ಟ ಮಣಿ ಸೇರಿಸಿ.

ಚರ್ಮಕ್ಕೆ ಹಸಿರು ಹತ್ತುವುದು ಹಿತ್ತಾಳೆ ತಂತಿಯ ತಾಮ್ರಕ್ಕೆ ಬೆವರು ಸೇರಿ, ತೊಳೆದರೆ ಹೋಗುತ್ತದೆ. ಕಿವಿ ತುರಿಸಿ, ಕೆಂಪಾಗಿ, ನೀರೊಡೆದರೆ ಅದು ಬೇರೆ ವಿಷಯ: ಜರ್ಮನ್ ಸಿಲ್ವರ್‌ನಲ್ಲಿ ನಿಕಲ್ ಇದೆ, ಕೆಲವರ ಮೈಗೆ ಅದು ಆಗುವುದಿಲ್ಲ. ಓಲೆ ತೆಗೆದಿಟ್ಟು ಚರ್ಮದ ವೈದ್ಯರಿಗೆ ತೋರಿಸಲು ಹೇಳಿ, ಕೊಕ್ಕೆಯನ್ನು ಬೆಳ್ಳಿಗೆ ಬದಲಿಸಿಕೊಡಿ.

ಅಕ್ಕನ ಸರದಲ್ಲಿ ಒಡೆಯದೆ ಉಳಿದಿದ್ದ ಕರಿಮಣಿಗಳನ್ನು ನಾನು ಬಿಚ್ಚಿ, ತೊಳೆದು, ಹೊಸದಾಗಿ ಮಾಡಿದವುಗಳ ಜೊತೆ ಭಟ್ಟಿಗೆ ಹಾಕಿದೆ. ಫ್ರೀಜರಿನ ಪರೀಕ್ಷೆಗೆ ಆ ಸಲ ಎರಡಲ್ಲ, ಆರು ಮಣಿ ಇಟ್ಟೆ. ಆರೂ ಉಳಿದ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ ಪೋಣಿಸಿ, ಅವರ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ ಕೊಟ್ಟುಬಂದೆ.